ಗಟ್ಟಿಮೇಳದ ಹೊತ್ತಿಗೆ ಬೇರೆ ಕಡೆ ನೋಡುವವರು

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದ ಕೂಡಲೇ ಛತ್ರದಲ್ಲಿರುವ ಕಣ್ಣುಗಳೆಲ್ಲ ಒಂದೇ ಕಡೆ ತಿರುಗುತ್ತವೆ. ನಾಗಸ್ವರ ಏರುತ್ತದೆ, ಡೋಲು ಬಿರುಸಾಗುತ್ತದೆ, ಅಕ್ಷತೆ ಹಾರುತ್ತದೆ. ವಿಡಿಯೊದವರು, ಫೋಟೊದವರು, ಮೊಬೈಲ್ ಎತ್ತಿ ಹಿಡಿದ ಬಂಧುಗಳು ಎಲ್ಲರಿಗೂ ಬೇಕಿರುವುದು ಮಾಂಗಲ್ಯ. ಮಂಟಪದ ಕಂಬಕ್ಕೆ ಒತ್ತಿಕೊಂಡು ನಿಂತ ಒಬ್ಬರ ಕ್ಯಾಮೆರಾ ಮಾತ್ರ ಹುಡುಗಿಯ ತಾಯಿಯತ್ತ ತಿರುಗಿರುತ್ತದೆ. ಅಕ್ಷತೆ ಹಾಕಲು ಎತ್ತಿದ ಆ ತಾಯಿಯ ಕೈ ಅರ್ಧಕ್ಕೇ ನಿಂತಿದೆ. ಮುಷ್ಟಿ ಬಿಚ್ಚುವುದು ಮರೆತುಹೋಗಿದೆ. ಪಕ್ಕದಲ್ಲಿ ಸೋದರಮಾವ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತಾನೆ. ‘ಕ್ಲಿಕ್’ ಆಗುವುದು ಆಗ.

ಇದು ಕ್ಯಾಂಡಿಡ್ ಫೋಟೊಗ್ರಫಿ. ಈಗ ಊರಿನ ಮದುವೆಗಳಲ್ಲೂ ಫೋಟೊದ ಮಾತುಕತೆ ಶುರುವಾಗುವುದೇ ‘ಟ್ರೆಡಿಷನಲ್ ಸಾಕೋ, ಕ್ಯಾಂಡಿಡ್ ಕೂಡ ಬೇಕೋ’ ಎಂಬ ಪ್ರಶ್ನೆಯಿಂದ. ಟ್ರೆಡಿಷನಲ್‌ನವರು ಶಾಸ್ತ್ರಗಳನ್ನೂ ಗ್ರೂಪ್ ಫೋಟೊಗಳನ್ನೂ ನೋಡಿಕೊಳ್ಳುತ್ತಾರೆ. ಯಾರೂ ‘ಇಲ್ಲಿ ನೋಡಿ’ ಎಂದು ಹೇಳದ ಹೊತ್ತಿನಲ್ಲಿ ಆಗುವುದೆಲ್ಲ ಕ್ಯಾಂಡಿಡ್‌ನವರ ಪಾಲು.

ಹಳೆಯ ಕಾಲದ ಸ್ಟುಡಿಯೊದವರಿಗೆ ಇಂಥ ಕಣ್ಣಿರಲಿಲ್ಲವೆಂದಲ್ಲ, ಫಿಲ್ಮ್ ಇರಲಿಲ್ಲ. ಚೌಕ ಫೋಟೊ ತೆಗೆಯುವ ಕ್ಯಾಮೆರಾಕ್ಕೆ ಹಾಕುತ್ತಿದ್ದ 120 ರೋಲಿನಲ್ಲಿ ಸಿಗುತ್ತಿದ್ದುದು 12 ಚಿತ್ರ, 35 ಎಂ.ಎಂ. ರೋಲಿನಲ್ಲಿ 36. ಪ್ರತಿಯೊಂದಕ್ಕೂ ದುಡ್ಡು, ತೊಳೆಸುವವರೆಗೆ ಹೇಗೆ ಬಂದಿದೆಯೆಂದು ಗೊತ್ತಿಲ್ಲ. ಧಾರೆ, ಮಾಂಗಲ್ಯ, ಸಪ್ತಪದಿ, ಎರಡೂ ಕಡೆಯ ಬೀಗರು, ಉಡುಗೊರೆ ಕೊಟ್ಟವರು ಇಷ್ಟು ಮುಗಿಸುವಷ್ಟರಲ್ಲಿ ರೋಲ್ ಖಾಲಿ. ಹಾಗಾಗಿ ಆ ಆಲ್ಬಂಗಳು ಯಾರ್‍ಯಾರು ಬಂದಿದ್ದರೆಂದು ಚೆನ್ನಾಗಿ ಹೇಳುತ್ತವೆ, ಬಂದವರು ಹೇಗಿದ್ದರೆಂದು ಹೇಳುವುದಿಲ್ಲ. ಡಿಜಿಟಲ್ ಬಂದು ಈ ಲೆಕ್ಕಾಚಾರವನ್ನು ತೆಗೆದುಹಾಕಿತು. ತಾಯಿಯ ಮುಷ್ಟಿಗೆ ಒಂದು ಚಿತ್ರ ಖರ್ಚು ಮಾಡಲು ಈಗ ಯಾರೂ ಯೋಚಿಸಬೇಕಿಲ್ಲ.

ಆದರೆ ಈ ಬಗೆಯ ನೋಟ ಹುಟ್ಟಿದ್ದು ಮದುವೆಮನೆಯಲ್ಲಲ್ಲ, ಪತ್ರಿಕೆಗಳಲ್ಲಿ. 1928ರಲ್ಲಿ ಜರ್ಮನಿಯ ಎರಿಕ್ ಸಾಲೊಮನ್ ಟೋಪಿಯೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ನ್ಯಾಯಾಲಯದ ಚಿತ್ರ ತೆಗೆದರು. ಮುಂದೆ ರಾಜತಾಂತ್ರಿಕ ಸಭೆಗಳಲ್ಲಿ ನಡುರಾತ್ರಿ ದಾಟಿದ ಮೇಲೆ ತೂಕಡಿಸುವ ಸಚಿವರನ್ನೂ ಹಿಡಿದರು. 1925ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ಲೈಕಾ ಕ್ಯಾಮೆರಾ ಈ ಕೆಲಸವನ್ನು ಸಲೀಸು ಮಾಡಿತು. ನಮ್ಮಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ತಮ್ಮ ವಸ್ತುವಾಗಿಸಿಕೊಂಡರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಮದುವೆ ಚಿತ್ರಣಕ್ಕೆ ಪತ್ರಿಕಾ ಛಾಯಾಗ್ರಹಣದ ಕ್ರಮ ತಂದವರಲ್ಲಿ ಅಮೆರಿಕದ ಡೆನಿಸ್ ರೆಗ್ಗಿ ಪ್ರಮುಖರು. 1996ರಲ್ಲಿ ಜಾನ್ ಎಫ್. ಕೆನಡಿ ಜೂನಿಯರ್ ಮದುವೆಯಾಗಿ ಪುಟ್ಟ ಚರ್ಚಿನಿಂದ ಹೊರಬರುವಾಗ ಮಡದಿಯ ಕೈಗೆ ಮುತ್ತಿಟ್ಟ ಚಿತ್ರ ಅವರದು. ಅದು ಜಗತ್ತನ್ನೆಲ್ಲ ಸುತ್ತಿದ ಮೇಲೆ ಮದುವೆ ಫೋಟೊ ಎಂದರೆ ಹೀಗೂ ಇರಬಹುದೆಂದು ಬಹಳ ಜನರಿಗೆ ಹೊಳೆಯಿತು.

ಕ್ಯಾಂಡಿಡ್ ಎಂದರೆ ಅದೃಷ್ಟವಿದ್ದವರಿಗೆ ಸಿಗುವ ಚಿತ್ರ ಎಂದುಕೊಳ್ಳುವವರಿದ್ದಾರೆ. ಕೆಲಸ ಬಲ್ಲವರು ಒಪ್ಪುವುದಿಲ್ಲ. ಅವರ ಪ್ರಕಾರ ಮೊದಲು ಕಲಿಯಬೇಕಾದ್ದು ಕ್ಯಾಮೆರಾವಲ್ಲ, ಶಾಸ್ತ್ರ. ಅಂತರಪಟವನ್ನೇ ನೋಡಿ. ಇಬ್ಬರು ಬಟ್ಟೆ ಹಿಡಿದು ನಿಲ್ಲುತ್ತಾರೆ. ಈಚೆ ಹುಡುಗ, ಆಚೆ ಹುಡುಗಿ, ಕೈಯಲ್ಲಿ ಜೀರಿಗೆ ಬೆಲ್ಲ. ಎದುರಿಗೆ ನಿಂತವರಿಗೆ ಬಟ್ಟೆಯಷ್ಟೇ ಕಾಣುತ್ತದೆ. ಬಟ್ಟೆಯ ಅಂಚಿಗೆ ನೇರವಾಗಿ, ಪಕ್ಕಕ್ಕೆ ನಿಂತರೆ ಎರಡೂ ಮುಖ ಒಂದೇ ಚೌಕಟ್ಟಿಗೆ ಬರುತ್ತವೆ. ಹುಡುಗ ಕತ್ತು ಕೊಂಕಿಸಿ ಇಣುಕುತ್ತಾನೆ, ಹುಡುಗಿ ತುಟಿ ಬಿಗಿಹಿಡಿದು ನಗು ತಡೆಯುತ್ತಾಳೆ, ಬಟ್ಟೆ ಹಿಡಿದ ಅಜ್ಜ ಮಾತ್ರ ಗಂಭೀರ. ಮಂಗಳಾಷ್ಟಕದ ಕೊನೆಯ ಶ್ಲೋಕ ಯಾವುದೆಂದು ಗೊತ್ತಿದ್ದವರು ಪಟ ಇಳಿಯುವ ಮೊದಲೇ ಸಿದ್ಧರಾಗಿರುತ್ತಾರೆ. ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹೂಮಾಲೆಯ ಸರದಿ ಬಂದಾಗ ಗೆಳೆಯರು ಹುಡುಗನನ್ನು ಎತ್ತಿಬಿಡುತ್ತಾರೆಂಬುದನ್ನೂ ಮೊದಲೇ ಊಹಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದಿರಬೇಕು.

ಊರು, ಸಮುದಾಯ ಬದಲಾದಂತೆ ಈ ಓದೂ ಬದಲಾಗುತ್ತದೆ. ಉತ್ತರ ಕರ್ನಾಟಕದ ಮದುವೆಯಲ್ಲಿ ಮದುಮಗಳು ಒಡಪು ಕಟ್ಟಿ ಗಂಡನ ಹೆಸರು ಹೇಳುವಾಗ ಅವಳೊಬ್ಬಳನ್ನೇ ಹಿಡಿದರೆ ಅರ್ಧ ಚಿತ್ರ. ಹೆಸರು ಬಾಯಿಂದ ಬೀಳುವುದನ್ನೇ ಕಾಯುತ್ತ ಸುತ್ತ ಕುಳಿತ ಹೆಂಗಸರ ಮುಖಗಳಲ್ಲಿ ಉಳಿದರ್ಧವಿದೆ. ಕೊಡವರ ಗಂಗಾಪೂಜೆಯಲ್ಲಿ ನೀರಿನ ಬಿಂದಿಗೆ ಹೊತ್ತ ಮದುಮಗಳ ದಾರಿಗೆ ಅಡ್ಡವಾಗಿ ಹುಡುಗನ ಕಡೆಯವರು ಕುಣಿಯುತ್ತಲೇ ಇರುತ್ತಾರೆ. ಕುಣಿತ ಎಲ್ಲರ ಕ್ಯಾಮೆರಾಗೂ ಸಿಗುತ್ತದೆ. ಹೊತ್ತು ಏರಿದಂತೆ ಅವಳ ಕತ್ತಿನಲ್ಲಿ ಕಾಣುವ ದಣಿವು, ಪಕ್ಕದಲ್ಲಿ ನಿಂತವಳು ಬಿಂದಿಗೆಗೆ ಮೆಲ್ಲನೆ ಆಸರೆ ಕೊಡುವ ಬೆರಳು, ಇವು ಕಾದವರಿಗೆ ಮಾತ್ರ ಸಿಗುತ್ತವೆ. ಹೆಂಗಸರ ಕೂಟ ಬೇರೆಯಾಗಿಯೇ ನಡೆಯುವ ಮುಸ್ಲಿಂ ಮದುವೆಗಳಲ್ಲಿ ಮಹಿಳಾ ಛಾಯಾಗ್ರಾಹಕರಿಗೇ ಕರೆ.

ಮಂಟಪದಿಂದ ದೂರ ಹೋದಷ್ಟೂ ಸಿಗುವುದು ಹೆಚ್ಚು. ಬೆಳಕು ಹರಿಯುವ ಮುಂಚೆ ಅಡುಗೆಮನೆಯಲ್ಲಿ ಕೊಪ್ಪರಿಗೆಯ ಹಬೆಯ ನಡುವೆ ಬೆವರೊರೆಸಿಕೊಳ್ಳುವ ಭಟ್ಟರು. ಉಗ್ರಾಣದ ಬಾಗಿಲಲ್ಲಿ ತಾಂಬೂಲದ ಚೀಲಗಳನ್ನು ಮೂರನೇ ಸಲ ಎಣಿಸುತ್ತಿರುವ ಚಿಕ್ಕಪ್ಪ. ಜಮಖಾನದ ಮೇಲೆ ಹೊಸ ಬಟ್ಟೆಯಲ್ಲೇ ನಿದ್ದೆಹೋದ ಮಗು. ಮದುಮಗಳ ನೆರಿಗೆ ಸರಿಮಾಡುತ್ತ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುವ ಅತ್ತೆ. ಇದನ್ನು ತೆಗೆಯಿರಿ ಎಂದು ಯಾರೂ ಹೇಳಿರುವುದಿಲ್ಲ. ಆಲ್ಬಂ ಕೈಗೆ ಬಂದಾಗ ಎಲ್ಲರ ಬೆರಳೂ ಮೊದಲು ನಿಲ್ಲುವುದು ಇಲ್ಲೇ.

ಇನ್ನು ಸಲಕರಣೆ. ಫ್ಲಾಶ್ ಹೊಡೆದರೆ ಜನ ಎಚ್ಚೆತ್ತು ಪೋಸಿಗೆ ನಿಲ್ಲುತ್ತಾರೆ. ಆದ್ದರಿಂದ ಹೆಚ್ಚು ಬೆಳಕು ಒಳಬಿಡುವ 35, 50, 85 ಎಂ.ಎಂ. ಲೆನ್ಸ್‌ಗಳು, ದೂರದಿಂದ ತೆಗೆಯಲು 70–200. ಹಾರುವ ಅಕ್ಷತೆಯ ಕಾಳುಗಳು ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಲ್ಲಬೇಕಾದರೆ ಸೆಕೆಂಡಿನ 500ನೇ ಒಂದು ಭಾಗದಷ್ಟು ಶಟರ್ ವೇಗ ಬೇಕು. ನಿಧಾನವಾದರೆ ಅವು ಬಿಳಿ ಗೆರೆಗಳಾಗುತ್ತವೆ. ಮಿರರ್‌ಲೆಸ್ ಕ್ಯಾಮೆರಾಗಳು ಸದ್ದಿಲ್ಲದೆ ತೆಗೆಯುತ್ತವೆ, ನಿಜ. ಆದರೆ ಸದ್ದಿಲ್ಲದ ಶಟರಿನಲ್ಲಿ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ತುಂಬ ಪಟ್ಟೆಗಳು ಮೂಡುತ್ತವೆ. ವೇದಿಕೆಯ ನೇರಳೆ ದೀಪ ಬೇರೆ ಮುಖದ ಅರಿಶಿನದ ಬಣ್ಣವನ್ನೇ ಕೆಡಿಸುತ್ತದೆ. ಅದಕ್ಕೇ ಛತ್ರವನ್ನು ಹಿಂದಿನ ದಿನವೇ ನೋಡಿ, ಮುಹೂರ್ತದಷ್ಟು ಹೊತ್ತು ಬಣ್ಣದ ದೀಪ ಆರಿಸುವಂತೆ ಡೆಕೊರೇಷನ್‌ನವರಿಗೆ ಹೇಳಿಡುವುದು ರೂಢಿ.

ಬೇಡಿಕೆ ಹೆಚ್ಚಿದ ಮೇಲೆ ನಕಲಿಯೂ ಬಂದಿದೆ. ‘ಸ್ವಲ್ಪ ಆ ಕಡೆ ನೋಡಿ ನಗಿ, ಕ್ಯಾಮೆರಾ ನೋಡಬೇಡಿ’ ಎಂದು ಹೇಳಿಸಿ ತೆಗೆದ ನಗುವೂ ಕ್ಯಾಂಡಿಡ್ ಹೆಸರಿನಲ್ಲೇ ಮಾರಾಟವಾಗುತ್ತದೆ. ಇನ್ನೊಂದು ತೊಡಕು ಮರ್ಯಾದೆಯದು. ಕಳಿಸಿಕೊಡುವ ಹೊತ್ತಿನಲ್ಲಿ ಅಪ್ಪ ಬಿಕ್ಕುವುದನ್ನು ತೆಗೆಯಬಹುದು. ಅದನ್ನು ಕೇಳದೆ ಇನ್‌ಸ್ಟಾಗ್ರಾಂಗೆ ಹಾಕಬಹುದೇ? ಸೆರಗು ಜಾರಿದ ಚಿತ್ರ, ಬೀಗರ ನಡುವೆ ಮಾತು ಬೆಳೆದ ಚಿತ್ರ ಮನೆಯವರ ಕೈಗೆ ಹೋಗುವ ಮೊದಲೇ ಅಳಿಸುವವರೇ ಒಳ್ಳೆಯ ಕಸುಬುದಾರರು. ತೆಗೆದ ಸಾವಿರಾರು ಚಿತ್ರಗಳಲ್ಲಿ ಕೆಲವು ನೂರನ್ನು ಆರಿಸುವುದು ತೆಗೆದಷ್ಟೇ ಕಷ್ಟದ ಕೆಲಸ.

ಮದುವೆ ಮಾಡುವವರಿಗೂ ಇಲ್ಲಿ ಸ್ವಲ್ಪ ಕೆಲಸವಿದೆ. ಮೊಬೈಲಿನಲ್ಲಿ ನೋಡಿದ ಪೋಸ್‌ಗಳ ಪಟ್ಟಿ ಕೊಡುವ ಬದಲು ಜನರ ಪಟ್ಟಿ ಕೊಡಿ: ಹುಡುಗಿಯನ್ನು ಎತ್ತಿ ಆಡಿಸಿದ ಅಜ್ಜಿ ಯಾರು, ಬಹಳ ವರ್ಷಗಳ ಮುನಿಸು ಬಿಟ್ಟು ಬರುತ್ತಿರುವ ದೊಡ್ಡಪ್ಪ ಯಾರು. ಅವರನ್ನು ತೋರಿಸಲು ಮನೆಯ ಹುಡುಗನೊಬ್ಬನನ್ನು ಜೊತೆಗೆ ಬಿಡಿ. ಮುಂಗಡ ಕೊಡುವ ಮೊದಲು, ಆರಿಸಿಟ್ಟ ಹತ್ತು ಚಿತ್ರಗಳಿಗೆ ಮರುಳಾಗದೆ, ಒಂದು ಮದುವೆಯ ಆಲ್ಬಂ ಪೂರ್ತಿ ತೋರಿಸಿ ಎಂದು ಕೇಳಿ. ಅದರಲ್ಲಿ ವಧುವರರೇ ಇಲ್ಲದ ಫೋಟೊಗಳು ಎಷ್ಟಿವೆ, ಅವುಗಳಲ್ಲಿ ಎಷ್ಟರ ಮೇಲೆ ನಿಮ್ಮ ಕಣ್ಣು ನಿಂತಿತು ಎಂದು ನೋಡಿಕೊಂಡರೆ ಯಾರಿಗೆ ಒಪ್ಪಿಸಬೇಕೆಂಬುದು ತಾನೇ ತೀರ್ಮಾನವಾಗುತ್ತದೆ.