ಭೈರರಸರ ದಾಯಕ್ರಮವೂ ಕೊಪ್ಪದ ಒಂದು ಶಾಸನವೂ

ಕಳಸ ಕಾರ್ಕಳಗಳನ್ನಾಳಿದ ಭೈರರಸರು ತಾವು ಪೊಂಬುರ್ಚದ ಜಿನದತ್ತರಾಯನ ವಂಶದವರೆಂದು ಹೇಳಿಕೊಂಡಿರುವರು. ಉತ್ತರಮಧುರೆಯ ರಾಜಪುತ್ರನಾದ ಜಿನದತ್ತನು ಪದ್ಮಾವತೀದೇವಿಯ ಪ್ರತಿಮೆಯೊಡನೆ ಬಂದು ಪೊಂಬುರ್ಚದಲ್ಲಿ, ಎಂದರೆ ಈಗಿನ ಹೊಂಬುಜದಲ್ಲಿ, ರಾಜ್ಯವನ್ನು ಸ್ಥಾಪಿಸಿದನೆಂಬುದು ಐತಿಹ್ಯ. ಅಲ್ಲಿಯ ಸಾಂತರರ ಶಾಖೆಯೊಂದು ಕಾಲಕ್ರಮದಲ್ಲಿ ಘಟ್ಟದ ಮೇಲಣ ಕಳಸದಲ್ಲಿಯೂ ಕೆಳಗಣ ಕಾರ್ಕಳದಲ್ಲಿಯೂ ನೆಲೆಗೊಂಡಿತು. ಈ ಮನೆತನದ ವಂಶವೃಕ್ಷವನ್ನು ತಂದೆಯಿಂದ ಮಗನಿಗೆ ಒಂದೇ ಗೆರೆಯಾಗಿ ಬರೆಯಹೊರಟರೆ ಅದು ನಡುವೆ ಕಡಿದುಹೋಗುವುದು. ಇದರ ಕಾರಣವನ್ನು ಶಾಸನಗಳೇ ತಿಳಿಸುತ್ತವೆ.

ಕಾರ್ಕಳದ ಗೊಮ್ಮಟಮೂರ್ತಿಯನ್ನು ಕ್ರಿ. ಶ. 1432ರಲ್ಲಿ ಪ್ರತಿಷ್ಠಾಪಿಸಿದ ವೀರಪಾಂಡ್ಯನು ಭೈರವೇಂದ್ರನ ಪುತ್ರನೆಂದು ಅಲ್ಲಿಯ ಶಾಸನವು ಹೇಳುತ್ತದೆ. ಇಲ್ಲಿ ಹೆಸರು ತಂದೆಯಿಂದ ಬಂದಿದೆ. ಅದೇ ಊರಿನ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನಾದರೋ ಹಿಂದಿನ ಭೈರರಸನ ಸೋದರಿಯಾದ ಗುಮ್ಮಟಾಂಬೆಯ ಮಗನು. ಅವನ ತಂದೆ ವೀರನರಸಿಂಹ ವಂಗನರೇಂದ್ರನು. ತಂದೆಯು ಅನ್ಯ ಮನೆತನದವನಾಗಿದ್ದರೂ ಮಗನು ಜಿನದತ್ತನ ವಂಶದವನೆನಿಸಿಕೊಂಡುದು ತಾಯಿಯ ಮೂಲಕವೇ ಆಗಿದೆ. ಸೋದರಮಾವನಿಂದ ಸೋದರಳಿಯನಿಗೆ ಪಟ್ಟವು ಸಲ್ಲುವ ಈ ಪದ್ಧತಿಗೆ ತುಳುನಾಡಿನಲ್ಲಿ ಅಳಿಯಸಂತಾನವೆಂದು ಹೆಸರು.

ಈ ಎರಡು ಶಾಸನಗಳ ನಡುವಣ ಕಾಲಕ್ಕೆ ಸೇರಿದುದು ಕೊಪ್ಪ ತಾಲ್ಲೂಕಿನ 1530ರ ಶಾಸನ. ವೀರಭೈರರಸ ಒಡೆಯನ ತಂಗಿಯಾದ ಕಾಳಲದೇವಿಯು ಆಗ ಬಗುಂಜಿ ಸೀಮೆಯನ್ನು ಆಳುತ್ತಿದ್ದಳು. ತನ್ನ ಮಗಳಾದ ರಾಮಾದೇವಿಯು ತೀರಿಕೊಂಡಾಗ ಆಕೆಯು ಕಲ್ಲಬಸ್ತಿಯ ಪಾರ್ಶ್ವನಾಥಸ್ವಾಮಿಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟಳು. ಮೇಲುನೋಟಕ್ಕೆ ಇದು ಪುತ್ರೀಶೋಕದಿಂದ ಕೊಟ್ಟ ಧರ್ಮವಷ್ಟೆ. ಆದರೆ ಅರಸನ ತಂಗಿಯು ಸ್ವತಃ ಸೀಮೆಯೊಂದನ್ನು ಆಳುತ್ತಿದ್ದಳೆಂಬುದು ಗಮನಾರ್ಹ. ಅಳಿಯಸಂತಾನದ ಮನೆಯಲ್ಲಿ ವಂಶವು ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಅಂತಹ ಮನೆಯಲ್ಲಿ ಮಗಳ ಮರಣವು ತಾಯಿಯ ದುಃಖವಾಗಿರುವಂತೆಯೇ ದಾಯದ ಒಂದು ಕವಲಿನ ಕೊನೆಯೂ ಆಗಬಹುದು.

ಇಂಗ್ಲೆಂಡಿನ ಪ್ರಭುಮನೆತನಗಳಲ್ಲಿ ಪದವಿಯು ಸಾಮಾನ್ಯವಾಗಿ ಹಿರಿಯ ಮಗನಿಗೆ ಸಲ್ಲುವುದು. ಗಂಡುಸಂತತಿಯು ನಿಂತರೆ ಪದವಿಯೂ ನಿಲ್ಲುವುದುಂಟು. ಡೆವನ್ ಪ್ರಾಂತದ ಅರ್ಲ್ ಪದವಿಯನ್ನು 1553ರಲ್ಲಿ ಪಡೆದ ಎಡ್ವರ್ಡ್ ಕೋರ್ಟ್ನಿಯು 1556ರಲ್ಲಿ ಅವಿವಾಹಿತನಾಗಿಯೇ ಸತ್ತನು. ಆದರೆ ಸನ್ನದಿನಲ್ಲಿ ಪದವಿಯು ಅವನ ಗಂಡು ವಾರಸುದಾರರಿಗೆಂದು ಇದ್ದಿತೇ ಹೊರತು ಅವನ ಔರಸ ಸಂತತಿಗೇ ಎಂಬ ಕಟ್ಟು ಇರಲಿಲ್ಲ. ಆದಕಾರಣ 1831ರಲ್ಲಿ ದೂರದ ಜ್ಞಾತಿಯೊಬ್ಬನಿಗೆ ಅದೇ ಪದವಿಯು ದೊರೆಯಿತು.

ಕೊಪ್ಪಕ್ಕೆ ನೆರೆಯದಾದ ಶೃಂಗೇರಿಯಲ್ಲಿ ಬೇರೊಂದು ಪರಂಪರೆಯಿದೆ. 1346ರಲ್ಲಿ ಹರಿಹರನೂ ಅವನ ಸಹೋದರರೂ ಭಾರತೀತೀರ್ಥರಿಗೆ ಭೂದಾನ ಮಾಡಿದ ಆ ಪೀಠದಲ್ಲಿ ಉತ್ತರಾಧಿಕಾರವು ರಕ್ತಸಂಬಂಧದಿಂದ ಬರುವುದಿಲ್ಲ. ಗುರುವಿನಿಂದ ಶಿಷ್ಯನಿಗೆ ಬರುತ್ತದೆ. ಹೀಗೆ ಸಮೀಪದ ಸ್ಥಳಗಳಲ್ಲಿಯೇ ವಂಶವೆಂಬ ಶಬ್ದಕ್ಕೆ ಬೇರೆಬೇರೆ ಅರ್ಥಗಳಿದ್ದುವು.

ಆದುದರಿಂದ ಭೈರರಸರ ಶಾಸನಗಳನ್ನು ಓದುವಾಗ ಅರಸನ ಹೆಸರಿನೊಡನೆ ಅವನ ತಾಯಿಯ ಹೆಸರನ್ನೂ ಸೋದರಿಯ ಹೆಸರನ್ನೂ ಗುರುತಿಸಿಕೊಳ್ಳುವುದು ಅವಶ್ಯಕ. ಅವುಗಳನ್ನು ಬಿಟ್ಟು ಬರೆದ ವಂಶಾವಳಿಯಲ್ಲಿ ಮಾವನೂ ಅಳಿಯನೂ ತಂದೆಮಕ್ಕಳಾಗಿ ತೋರುವರು. ಕಾಳಲದೇವಿಯಂತಹವರಿಗೆ ಸ್ಥಾನವೇ ಇಲ್ಲದೆ ಹೋಗುವುದು.