ಗೂಡು ಕಟ್ಟು ಅಂತ ಹುಳುವಿಗೆ ಯಾರು ಹೇಳ್ತಾರೆ?

ಅಗಳಿ, ಮಡಕಶಿರಾ ಕಡೆ ರೇಷ್ಮೆ ಹುಳು ಸಾಕುವವರಿಗೆ ಇದು ಗೊತ್ತಿರುವ ಸಂಗತಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಬಕಬಕ ಸೊಪ್ಪು ತಿನ್ನುತ್ತೆ. ಆಮೇಲೆ ಹಣ್ಣಾಗುತ್ತೆ. ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತೆ. "ತಿಂದಿದ್ದು ಸಾಕು, ಇನ್ನು ಕಟ್ಟು" ಅಂತ ಅದಕ್ಕೆ ಹೇಳುವವರು ಯಾರು?

ಹುಳುವಿನ ಮೈಯೊಳಗೇ ಎರಡು ರಸಗಳಿವೆ. ಇವಕ್ಕೆ ಹಾರ್ಮೋನು ಅಂತಾರೆ. ಒಂದು ಎಳೆತನದ ಹಾರ್ಮೋನು. ಅದು ಇರುವ ತನಕ ಹುಳು ಹುಳುವಾಗಿಯೇ ಬೆಳೆಯುತ್ತೆ. ಇನ್ನೊಂದು ಪೊರೆ ಬಿಡಿಸುವ ಹಾರ್ಮೋನು. ಕೊನೆಯ ಹಂತದಲ್ಲಿ ಮೊದಲನೆಯದು ಇಳಿದು ಎರಡನೆಯದು ಏರುತ್ತೆ. ಆಗ ಹುಳು ಗೂಡಿಗೆ ಹೊರಡುತ್ತೆ.

ಈ ಪೊರೆಯ ಹಾರ್ಮೋನನ್ನು 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಬೇರ್ಪಡಿಸಿದರು. ಗೂಡಿನೊಳಗಿನ ಕೋಶ ಸುಮಾರು 500 ಕಿಲೋ ಬೇಕಾಯಿತು. ಸಿಕ್ಕಿದ್ದು 25 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನಷ್ಟೂ ಇಲ್ಲ! ಅಷ್ಟು ಕಡಿಮೆ ರಸ ಇಡೀ ಹುಳುವನ್ನು ಆಳುತ್ತೆ.

ಹೇಗೆ ಅಂತೀರಾ? ಪಂಚಾಯಿತಿ ಗೋಡೆಗೆ ಚೀಟಿ ಅಂಟಿಸಿದರೆ ಸಾಲದು. ಅದನ್ನು ಓದುವವರು ಬೇಕು. ಹುಳುವಿನ ಮೈ ಲಕ್ಷಾಂತರ ಜೀವಕೋಶಗಳಿಂದ ಆಗಿದೆ. ಹಾರ್ಮೋನು ಎಂಬ ಚೀಟಿಯನ್ನು ಓದುವ ಪ್ರೋಟೀನುಗಳು ಆ ಜೀವಕೋಶಗಳ ಒಳಗಿವೆ.

ಇದನ್ನು ಹುಳುವಿನಲ್ಲೇ ನೋಡುವುದು ಕಷ್ಟ. ಅದಕ್ಕೇ ವಿಜ್ಞಾನಿಗಳು ಹುಳುವಿನ ಜೀವಕೋಶಗಳನ್ನು ಮಾತ್ರ ಗಾಜಿನ ಪಾತ್ರೆಯಲ್ಲಿ ಸಾಕುತ್ತಾರೆ. ಹುಳು ಸತ್ತರೂ ಅವು ವರ್ಷಗಟ್ಟಲೆ ಬೆಳೀತಾವೆ. 1962ರಲ್ಲಿ ಆಸ್ಟ್ರೇಲಿಯಾದ ಗ್ರೇಸ್ ಒಂದು ಕಾಡುಪತಂಗದ ಜೀವಕೋಶಗಳನ್ನು ಹೀಗೆ ಮೊದಲು ಸಾಕಿದರು. ಎಳೆತನದ ಹಾರ್ಮೋನನ್ನು ಓದುವ ಪ್ರೋಟೀನು ಹೇಗೆ ಕೆಲಸ ಮಾಡುತ್ತೆ ಎಂದು 2012ರಲ್ಲಿ ಜಪಾನಿನವರು ರೇಷ್ಮೆ ಹುಳುವಿನ ಜೀವಕೋಶಗಳಲ್ಲೇ ತೋರಿಸಿದರು.

ಇದರಿಂದ ನಮಗೇನು? ಇದೆ. ಕೆಲವು ಕೀಟನಾಶಕಗಳು ಎಳೆತನದ ಹಾರ್ಮೋನಿನ ಹಾಗೇ ನಟಿಸುತ್ತವೆ. ಪ್ರೋಟೀನು ಮೋಸ ಹೋಗುತ್ತೆ. ಹುಳು ಸಾಯೋದಿಲ್ಲ. ತಿನ್ನುತ್ತಲೇ ಇರುತ್ತೆ, ದಪ್ಪ ಆಗುತ್ತೆ, ಗೂಡು ಮಾತ್ರ ಕಟ್ಟೋದಿಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಉತ್ತರ ಭಾಗದಲ್ಲಿ ಹಣ್ಣಿನ ತೋಟಗಳಿಗೆ ಫೆನಾಕ್ಸಿಕಾರ್ಬ್ ಹೊಡೆದರು. ಗಾಳಿಗೆ ಹಾರಿ ಹಿಪ್ಪುನೇರಳೆ ಮೇಲೆ ಕೂತಿತು. ರೇಷ್ಮೆ ಬೆಳೆ ಕೆಟ್ಟಿತು. ಸೊಪ್ಪಿನ ಖರ್ಚು, ಕೂಲಿ ಖರ್ಚು ಎಲ್ಲ ಆದ ಮೇಲೆ ಗೂಡಿಲ್ಲ ಅಂದರೆ ಸಂಸಾರದ ಗತಿ ಏನು?

ನಮ್ಮಲ್ಲಿ ಬಿಳಿನೊಣಕ್ಕೆ ಹೊಡೆಯುವ ಒಂದು ಔಷಧಿಯೂ ಇದೇ ಜಾತಿಯದು. ಅಕ್ಷರ ಕೂಡಿಸಿ ಓದಿ: ಪೈ-ರಿ-ಪ್ರಾ-ಕ್ಸಿ-ಫೆನ್. ಡಬ್ಬಿಯ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಗಿರುತ್ತೆ. ಈ ಹೆಸರು ಸಣ್ಣದಾಗಿರುತ್ತೆ. ತೆಲುಗು, ಇಂಗ್ಲಿಷಿನಲ್ಲಿದ್ದರೆ ಓದಲು ಬರುವವರ ಹತ್ತಿರ ಓದಿಸಿ. ಪಕ್ಕದ ಹೊಲದವರು ಔಷಧಿ ಹೊಡೆಯುವ ಮೊದಲು ಡಬ್ಬಿ ತೋರಿಸಿ ಅಂತ ಕೇಳಿ, ನಾಚಿಕೆ ಬೇಡ. ಔಷಧಿ ಹಾರಿ ಬಿದ್ದ ಸೊಪ್ಪನ್ನು ಹುಳುವಿಗೆ ಹಾಕಬೇಡಿ.