ಹಳೇ ಜೀಪು ಡೀಸೆಲ್ ಜಾಸ್ತಿ ಕುಡೀತಿದ್ಯಾ?

ಮಲೆನಾಡಿನ ತೋಟದ ಹಳೇ ಫೋರ್ ವೀಲ್ ಜೀಪು. ಮೈಲೇಜ್ ಬಿದ್ದಿದೆ ಅಂತ ಇಂಜಿನ್ ಬಿಚ್ಚಿಸ್ಬೇಡಿ, ಮೊದ್ಲು ಮುಂದಿನ ಚಕ್ರದ ನಡುಭಾಗ ನೋಡಿ. ಕೆಲವು ಮಹೀಂದ್ರಾ ಜೀಪು, ಜಿಪ್ಸಿಗಳಲ್ಲಿ ಅಲ್ಲಿ ಕೈಯಲ್ಲೇ ತಿರುಗಿಸೋ ಹಬ್ ಲಾಕ್ ಇರುತ್ತೆ. ಅದು ಲಾಕ್ ಆಗಿದ್ರೆ, ಟೂ ವೀಲ್‌ನಲ್ಲಿ ಓಡಿಸಿದ್ರೂ ಮುಂದಿನ ಆಕ್ಸಲ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲಾ ಸುಮ್ನೆ ಸುತ್ತುತ್ವೆ. ಟಾರು ರಸ್ತೆಗೆ ಬಂದಾಗ ಎರಡೂ ಕಡೆ ಫ್ರೀ ಮಾಡಿ. ಉಳಿತಾಯ ದೊಡ್ಡದೇನಲ್ಲ, ಆದ್ರೆ ಖರ್ಚೇ ಇಲ್ವಲ್ಲ!

ಸ್ವಲ್ಪ ದೂರ ಓಡಿಸಿದ ಮೇಲೆ ಒಂದೇ ಚಕ್ರ ಜಾಸ್ತಿ ಬಿಸಿಯಾಗಿದ್ರೆ, ಅಲ್ಲಿ ಬ್ರೇಕ್ ಹಿಡ್ಕೊಂಡಿರಬಹುದು. ಟೈರ್ ಗಾಳಿ, ಏರ್ ಫಿಲ್ಟರ್ ನಿಮಗೆ ಗೊತ್ತಿರೋದೇ.

ದಪ್ಪ ಮಡ್ ಟೈರ್ ಹಾಕ್ಸಿದ್ದೀರಾ? ನೋಡೋಕೆ ಚೆಂದ, ಡೀಸೆಲ್‌ಗೆ ಭಾರ. ಎತ್ತರದ ಟೈರ್ ಆದ್ರೆ ಮೀಟರ್ ಕೂಡ ಕಡಿಮೆ ಕಿಲೋಮೀಟರ್ ತೋರಿಸುತ್ತೆ. ಮೈಲೇಜ್ ಲೆಕ್ಕ ಹಾಕೋ ಮುಂಚೆ ಹೆದ್ದಾರಿಯ ಕಿಲೋಮೀಟರ್ ಕಲ್ಲಿಗೆ ಮೀಟರ್ ತಾಳೆ ನೋಡಿ.